ಗೆದ್ದಲು ಕಂಡಿತಾ? ಮೊದಲು ಸ್ಪ್ರೇ ಡಬ್ಬಿ ಕೆಳಗಿಡಿ

ಬಾಗಿಲ ಚೌಕಟ್ಟಿನ ಪಕ್ಕ, ಗೋಡೆಯ ಮೇಲೆ ಒಂದು ಮಣ್ಣಿನ ಗೆರೆ ಎದ್ದಿದೆ. ಅದನ್ನು ನೋಡಿದ ಕೂಡಲೇ ಬಹಳ ಜನ ಮಾಡುವುದು ಎರಡೇ ಕೆಲಸ. ಪೊರಕೆಯಿಂದ ಗೆರೆ ಕೆರೆದು ಹಾಕುತ್ತಾರೆ, ಆಮೇಲೆ ಜಿರಳೆಗೆಂದು ತಂದಿಟ್ಟ ಸ್ಪ್ರೇಯನ್ನು ಅಲ್ಲಿ ಹೊಡೆಯುತ್ತಾರೆ. ನಾಲ್ಕು ದಿನ ಏನೂ ಕಾಣುವುದಿಲ್ಲ, ಸಮಾಧಾನ ಆಗುತ್ತದೆ. ಅಷ್ಟರಲ್ಲಿ ಗೆದ್ದಲು ಆ ಜಾಗ ಬಿಟ್ಟು, ಗೋಡೆಯ ಇನ್ನೊಂದು ಬಿರುಕು ಹಿಡಿದು, ಪಕ್ಕದ ಕೋಣೆಯ ಕಪಾಟಿನ ಹಿಂದೆ ಏಳುತ್ತಿರುತ್ತದೆ. ಈ ಸಲ ಅದು ಎಲ್ಲಿದೆ ಅನ್ನುವುದೂ ನಿಮಗೆ ಗೊತ್ತಿರುವುದಿಲ್ಲ.

ನಿಮ್ಮ ಕಣ್ಣಿಗೆ ಬಿದ್ದವು ಬರೀ ಕೆಲಸಗಾರ ಹುಳುಗಳು. ರಾಣಿ, ಮೊಟ್ಟೆ, ಮರಿ ಎಲ್ಲ ಸಾಮಾನ್ಯವಾಗಿ ಮನೆಯ ಹೊರಗೆ ಅಥವಾ ಅಡಿಪಾಯದ ಕೆಳಗೆ ಮಣ್ಣಿನಲ್ಲಿ ಇರುತ್ತವೆ. ರಾಣಿ ವರ್ಷಗಟ್ಟಲೆ ಬದುಕುತ್ತದೆ, ಹುತ್ತ ಕಟ್ಟುವ ಕೆಲವು ಜಾತಿಗಳಲ್ಲಿ ಅದು ದಿನಕ್ಕೆ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಹಾಗಾಗಿ ಕಂಡ ನೂರು ಹುಳು ಕೊಂದರೆ ಗೂಡಿಗೆ ಆಗುವ ನಷ್ಟ ಏನೂ ಇಲ್ಲ. ನಾವು ಹುಡುಕಬೇಕಾದ್ದು ಅವು ಬರುವ ದಾರಿಯನ್ನು, ಜೊತೆಗೆ ಅವನ್ನು ಅಲ್ಲಿಗೆ ಕರೆತಂದ ಒದ್ದೆಯನ್ನು. ಒಂದು ವಿಷಯ ಮಾತ್ರ ಧೈರ್ಯ ಕೊಡುವಂಥದ್ದು: ಗೆದ್ದಲು ರಾತ್ರೋರಾತ್ರಿ ಮನೆ ತಿಂದು ಮುಗಿಸುವುದಿಲ್ಲ. ನೋಡಿ, ತಿಳಿದು, ಒಂದೆರಡು ವಾರ ಯೋಚಿಸಿ ನಿರ್ಧಾರ ಮಾಡುವಷ್ಟು ಸಮಯ ನಿಮಗಿದೆ.

ಅದು ಗೆದ್ದಲೇ ಹೌದಾ?

ನೆಲ ನೆನೆಯುವ ಮಳೆ ಬಂದ ಮೇಲೆ ದೀಪದ ಸುತ್ತ ರೆಕ್ಕೆಹುಳುಗಳು ಮುತ್ತುತ್ತವಲ್ಲ, ಅವು ಗೆದ್ದಲೂ ಇರಬಹುದು, ಇರುವೆಯೂ ಇರಬಹುದು. ಒಂದನ್ನು ಹಿಡಿದು ಬೆಳಕಿನಲ್ಲಿ ನೋಡಿ. ನಾಲ್ಕೂ ರೆಕ್ಕೆ ಒಂದೇ ಉದ್ದ, ಮೈಗಿಂತ ಜಾಸ್ತಿ ಉದ್ದ, ಮೀಸೆ ನೇರ, ಸೊಂಟವೇ ಇಲ್ಲ ಅಂದರೆ ಗೆದ್ದಲು. ಮುಂದಿನ ರೆಕ್ಕೆ ದೊಡ್ಡದು, ಹಿಂದಿನದು ಚಿಕ್ಕದು, ಮೀಸೆ ನಡುವೆ ಬಾಗಿದೆ, ಸೊಂಟ ಸಣ್ಣಗಿದೆ ಅಂದರೆ ಇರುವೆ. ಬಿಳಿ ಇರುವೆ ಅಂತ ಕೆಲವರು ಕರೆದರೂ ಗೆದ್ದಲಿಗೂ ಇರುವೆಗೂ ನೆಂಟಸ್ತಿಕೆ ಇಲ್ಲ. ಅದರ ಹತ್ತಿರದ ಸಂಬಂಧಿ ಜಿರಳೆ.

ಗೆದ್ದಲು ಹಾರಿದ ಸ್ವಲ್ಪ ಹೊತ್ತಿಗೆ ರೆಕ್ಕೆ ಉದುರಿಸುತ್ತದೆ. ಕಿಟಕಿ ತೆರೆದಿದ್ದಾಗ ಹೊರಗಿನಿಂದ ನಾಲ್ಕು ಹುಳು ಒಳಗೆ ಬಂದರೆ ಗಾಬರಿ ಬೇಡ. ಆದರೆ ಕಿಟಕಿ ಬಾಗಿಲು ಎಲ್ಲ ಮುಚ್ಚಿದ್ದು, ಒಳಗೇ ರಾಶಿ ರೆಕ್ಕೆ ಬಿದ್ದಿದೆ ಅಂದರೆ ಗೂಡು ಮನೆಯಲ್ಲೋ ಮನೆಯ ಕೆಳಗೋ ಇದೆ. ಅದೂ ಹೊಸ ಗೂಡಲ್ಲ, ಯಾಕೆಂದರೆ ರೆಕ್ಕೆಹುಳು ಹೊರಡಿಸುವ ಮಟ್ಟಕ್ಕೆ ಬೆಳೆಯಲು ಗೂಡಿಗೆ ಕೆಲವು ವರ್ಷ ಬೇಕು.

ಮನೆಗೆ ಬರುವ ಗೆದ್ದಲಿನಲ್ಲಿ ಮುಖ್ಯವಾಗಿ ಎರಡು ಬಗೆ. ಇದನ್ನು ತಿಳಿಯದೆ ಮದ್ದು ಹಾಕಿಸಿದರೆ ದುಡ್ಡು ನೀರಿಗೆ ಹೋದ ಹಾಗೆ, ಯಾಕೆಂದರೆ ಒಂದರ ಮದ್ದು ಇನ್ನೊಂದಕ್ಕೆ ತಾಗುವುದೇ ಇಲ್ಲ.

ಮಣ್ಣಿನ ಗೆದ್ದಲಿಗೆ ತೇವ ಬೇಕೇ ಬೇಕು. ಅದರ ಚರ್ಮ ತೆಳು, ಒಣ ಗಾಳಿಗೆ ಬಂದರೆ ಬೇಗ ಒಣಗಿ ಸಾಯುತ್ತದೆ. ಅದಕ್ಕೇ ಮಣ್ಣು, ಎಂಜಲು, ಮಲ ಸೇರಿಸಿ ಪೆನ್ಸಿಲ್ ದಪ್ಪದ ಕೊಳವೆ ಕಟ್ಟಿಕೊಂಡು ಅದರೊಳಗೇ ಓಡಾಡುತ್ತದೆ. ಇದು ತಿಂದ ಮರವನ್ನು ಒಡೆದರೆ ಒಳಗೆ ಮಣ್ಣು ಮೆತ್ತಿರುತ್ತದೆ, ಮೆತ್ತನೆಯ ಪದರ ಹೋಗಿ ಗಟ್ಟಿ ಪದರ ಮಾತ್ರ ಎಳೆ ಎಳೆಯಾಗಿ ಉಳಿದಿರುತ್ತದೆ.

ಒಣಮರದ ಗೆದ್ದಲಿಗೆ ಮಣ್ಣಿನ ಹಂಗಿಲ್ಲ. ಅದು ಕುರ್ಚಿಯ ಕಾಲಿನಲ್ಲೋ ತೊಲೆಯಲ್ಲೋ ಸಂಸಾರ ಹೂಡಿ ಅಲ್ಲೇ ಇರುತ್ತದೆ. ಮಣ್ಣಿನ ಗೆರೆ ಕಾಣುವುದಿಲ್ಲ. ಮರದಲ್ಲಿ ಸಣ್ಣ ತೂತು ಮಾಡಿ ತನ್ನ ಹಿಕ್ಕೆಯನ್ನು ಹೊರಗೆ ತಳ್ಳುತ್ತದೆ. ಸುಮಾರು 1 ಮಿಲಿಮೀಟರ್ ಉದ್ದದ, ಆರು ಮುಖದ ಗಟ್ಟಿ ಕಾಳುಗಳು ಕೆಳಗೆ ಸಣ್ಣ ಗುಪ್ಪೆಯಾಗಿ ಬಿದ್ದಿರುತ್ತವೆ. ಗುಡಿಸಿದ ಮೇಲೂ ಮತ್ತೆ ಅದೇ ಜಾಗದಲ್ಲಿ ಬೀಳುತ್ತಿದ್ದರೆ ನೇರ ಮೇಲೆ ನೋಡಿ.

ಕೆಳಗೆ ಬಿದ್ದದ್ದು ಕಾಳಲ್ಲ, ನುಣ್ಣಗಿನ ಹಿಟ್ಟು, ಮರದಲ್ಲಿ ಗುಂಡುಸೂಜಿ ತಲೆಯಷ್ಟು ದುಂಡು ತೂತುಗಳಿವೆ ಅಂದರೆ ಅದು ಗೆದ್ದಲೇ ಅಲ್ಲ, ಕುಟ್ಟೆ ಹುಳು. ಅದರ ಚಿಕಿತ್ಸೆ ಬೇರೆ. ಇಡೀ ಮನೆಯ ನೆಲ ಕೊರೆಸಿ ಮದ್ದು ಹಾಕಿಸುವ ಅಗತ್ಯ ಅದಕ್ಕಿಲ್ಲ.

ಟಾರ್ಚ್ ಮತ್ತು ಸ್ಕ್ರೂಡ್ರೈವರ್ ಹಿಡಿದು ಹೊರಡಿ

ಹುಡುಕುವ ಕೆಲಸ ನೀವೇ ಮಾಡಬಹುದು. ಒದ್ದೆ ಇರುವ ಕಡೆಯಿಂದ ಶುರು ಮಾಡಿ. ಬಚ್ಚಲಿಗೆ ಅಂಟಿಕೊಂಡ ಗೋಡೆ, ಸಿಂಕ್ ಕೆಳಗಿನ ಕಪಾಟು, ಪೈಪು ಗೋಡೆಯೊಳಗೆ ಹೋಗುವ ಜಾಗ, ಬಾಗಿಲ ಚೌಕಟ್ಟು ನೆಲಕ್ಕೆ ಊರಿದ ಬುಡ, ಸ್ಕರ್ಟಿಂಗ್ ಪಟ್ಟಿ, ಮೆಟ್ಟಿಲ ಕೆಳಗಿನ ಮೂಲೆ. ಗೋಡೆಗೆ ಒತ್ತಿ ನಿಂತ ವಾರ್ಡ್‌ರೋಬ್‌ನ ಹಿಂದಿನ ಹಲಗೆ ಗೆದ್ದಲಿಗೆ ಬಹಳ ಇಷ್ಟದ ಜಾಗ. ಅಲ್ಲಿ ಯಾರೂ ನೋಡುವುದಿಲ್ಲ, ಅಲ್ವಾ? ವರ್ಷಗಳಿಂದ ಅಲುಗಾಡಿಸದ ರಟ್ಟಿನ ಪೆಟ್ಟಿಗೆ, ಹಳೇ ಪೇಪರ್ ಕಟ್ಟು, ಪುಸ್ತಕದ ಕೆಳಸಾಲು ಇವನ್ನೂ ಎತ್ತಿ ನೋಡಿ. ಗೆದ್ದಲಿಗೆ ಬೇಕಾದ್ದು ಸೆಲ್ಯುಲೋಸ್. ಅದು ಮರದಲ್ಲೂ ಇದೆ, ಕಾಗದದಲ್ಲೂ ಇದೆ, ಹತ್ತಿ ಬಟ್ಟೆಯಲ್ಲೂ ಇದೆ.

ಟಾರ್ಚನ್ನು ಗೋಡೆಗೆ ಎದುರಾಗಿ ಹಿಡಿಯಬೇಡಿ, ಗೋಡೆಗೆ ಅಂಟಿಸಿ ಓರೆಯಾಗಿ ಬೆಳಕು ಬಿಡಿ. ಬಣ್ಣ ಉಬ್ಬಿದ್ದು, ಲ್ಯಾಮಿನೇಟ್ ಸುಕ್ಕಾಗಿದ್ದು, ಸಣ್ಣ ಗೆರೆ ಎದ್ದದ್ದು ಎಲ್ಲ ಆಗ ನೆರಳಾಗಿ ಕಾಣುತ್ತದೆ. ಬಣ್ಣ ಉಬ್ಬಿದ್ದನ್ನು ನೀರಿನ ಸೋರಿಕೆ ಅಂದುಕೊಂಡು ಸುಮ್ಮನಾಗುವವರೇ ಹೆಚ್ಚು. ಸೋರಿಕೆಯೂ ಇರಬಹುದು, ಅದರ ಹಿಂದೆ ಗೆದ್ದಲೂ ಇರಬಹುದು.

ಆಮೇಲೆ ಸ್ಕ್ರೂಡ್ರೈವರ್ ಹಿಡಿಯಿಂದ ಮರವನ್ನು ಗೇಣಿಗೊಂದು ಕಡೆ ತಟ್ಟುತ್ತಾ ಹೋಗಿ. ಗಟ್ಟಿ ಮರದ ಸದ್ದು ಬೇರೆ, ಟೊಳ್ಳಿನ ಸದ್ದು ಬೇರೆ, ಎರಡು ನಿಮಿಷದಲ್ಲಿ ಕಿವಿಗೆ ರೂಢಿಯಾಗುತ್ತದೆ. ಟೊಳ್ಳು ಅನಿಸಿದಲ್ಲಿ ಮೊನೆಯಿಂದ ಮೆಲ್ಲಗೆ ಒತ್ತಿ. ಹೊರಗೆ ಪಾಲಿಶ್ ಹೊಳೆಯುತ್ತಾ ಇದ್ದರೂ ಮೊನೆ ಒಳಕ್ಕೆ ಇಳಿದುಬಿಡಬಹುದು. ಸ್ವಿಚ್‌ಬೋರ್ಡ್ ಹತ್ತಿರ ಮಾತ್ರ ಈ ಸಾಹಸ ಬೇಡ. ವೈರ್ ಹೋಗುವ ಪೈಪು ಗೆದ್ದಲಿಗೆ ಒಳ್ಳೆಯ ದಾರಿ, ಬೋರ್ಡ್ ಒಳಗೆ ಮಣ್ಣು ಕಂಡರೆ ಮೇನ್ ಸ್ವಿಚ್ ಆಫ್ ಮಾಡಿ ಎಲೆಕ್ಟ್ರಿಷಿಯನ್‌ಗೆ ಹೇಳಿ.

ಹೊರಗೂ ಒಂದು ಸುತ್ತು ಬನ್ನಿ. ಅಡಿಪಾಯದ ಮೇಲೆ ಏರಿದ ಗೆರೆ, ಗೋಡೆಗೆ ಒರಗಿಸಿಟ್ಟ ಸೌದೆ ಅಥವಾ ಹಲಗೆ, ಗೋಡೆ ಬುಡದಲ್ಲೇ ಉಳಿದ ಮರದ ಬೊಡ್ಡೆ ನೋಡಿ. 1 ಮಿಲಿಮೀಟರ್‌ನಷ್ಟು ಬಿರುಕು ಇದ್ದರೆ ಸಾಕು, ಗೆದ್ದಲು ನುಸುಳುತ್ತದೆ. ಸಿಮೆಂಟ್ ಮನೆಗೆ ಗೆದ್ದಲು ಬರಲ್ಲ ಅನ್ನುವ ನಂಬಿಕೆ ಬಿಟ್ಟುಬಿಡಿ. ಅದು ಕಾಂಕ್ರೀಟ್ ತಿನ್ನುವುದಿಲ್ಲ ನಿಜ, ಆದರೆ ಬಿರುಕಿನಲ್ಲಿ ನಡೆದು ಹೋಗಲು ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ಗೆರೆ ಸಿಕ್ಕ ಮೇಲೆ ಏನು ಮಾಡಬೇಕು

ಪೂರ್ತಿ ಕೆರೆಯಬೇಡಿ. ನಡುವೆ ಎರಡು ಬೆರಳಷ್ಟು ಮಾತ್ರ ಒಡೆಯಿರಿ. ಒಳಗೆ ಬಿಳಿ ಹುಳು ಓಡಾಡುತ್ತಿದ್ದರೆ ಪರೀಕ್ಷೆ ಅಲ್ಲಿಗೇ ಮುಗಿಯಿತು. ಖಾಲಿ ಇದ್ದರೆ ಪಕ್ಕದಲ್ಲಿ ಪೆನ್ಸಿಲ್‌ನಿಂದ ತಾರೀಕು ಬರೆದು, ಒಂದು ಫೋಟೊ ತೆಗೆದು ಬಿಟ್ಟುಬಿಡಿ. ಎರಡು ಮೂರು ದಿನದಲ್ಲಿ ಒಡೆದ ಜಾಗಕ್ಕೆ ಹೊಸ ಹಸಿ ಮಣ್ಣು ತುಂಬಿದ್ದರೆ ಗೂಡು ಕೆಲಸದಲ್ಲಿದೆ. ತುಂಬದಿದ್ದರೆ ಆ ದಾರಿ ಮಾತ್ರ ಬಿಟ್ಟಿರಬಹುದು, ಮನೆ ಬಿಟ್ಟಿದೆ ಅಂತ ಅರ್ಥವಲ್ಲ. ಉಳಿದ ಗೆರೆಯನ್ನು ಮದ್ದು ಹಾಕುವವರು ಬಂದು ನೋಡುವವರೆಗೆ ಹಾಗೇ ಇಡಿ. ಎಲ್ಲಿಂದ ಬರುತ್ತಿದೆ ಅಂತ ತಿಳಿಯಲು ಅವರಿಗೆ ಇರುವ ಗುರುತು ಅದೇ.

ಸೀಮೆಎಣ್ಣೆ, ಉಪ್ಪುನೀರು, ವಿನೆಗರ್, ಡೀಸೆಲ್ ಇವುಗಳ ಬಗ್ಗೆ ಕೇಳದವರಿಲ್ಲ. ಮೈಗೆ ತಾಗಿದ ಹುಳು ಸಾಯುತ್ತದೆ, ಅಷ್ಟೇ. ಗೂಡಿಗೆ ಅದರ ಬಿಸಿ ತಟ್ಟುವುದಿಲ್ಲ. ಸೀಮೆಎಣ್ಣೆ ಡೀಸೆಲ್ ಸುರಿದ ಮರ ಬೆಂಕಿಗೆ ಸುಲಭದ ತುತ್ತು, ವಾಸನೆಯೂ ವಾರಗಟ್ಟಲೆ ಹೋಗುವುದಿಲ್ಲ. ನನ್ನ ಮಟ್ಟಿಗೆ ಇವು ಹಾಕುವುದಕ್ಕಿಂತ ಏನೂ ಹಾಕದೆ ಇರುವುದೇ ಮೇಲು.

ಒದ್ದೆ ನಿಲ್ಲಿಸಿ, ಇದಕ್ಕೆ ಯಾರನ್ನೂ ಕಾಯಬೇಡಿ

ಸೋರುವ ನಲ್ಲಿ, ಸಿಂಕ್ ಕೆಳಗಿನ ಪೈಪಿನ ಜೋಡಣೆ, ಗೋಡೆ ಬುಡಕ್ಕೇ ಬೀಳುವ ಎಸಿ ನೀರು, ತಾರಸಿಯಿಂದ ಇಳಿದು ಅಡಿಪಾಯದ ಬಳಿ ನಿಲ್ಲುವ ಮಳೆನೀರು ಇವನ್ನು ಮೊದಲು ಸರಿ ಮಾಡಿಸಿ. ಗೋಡೆಗೆ ತಾಗಿದ ಹೂಕುಂಡ, ಸೌದೆ, ರಟ್ಟು ದೂರ ಸರಿಸಿ. ಮರದ ಯಾವ ಭಾಗವೂ ನೇರ ಮಣ್ಣಿಗೆ ತಾಗಬಾರದು, ನಡುವೆ ಕಡೇಪಕ್ಷ 15 ಸೆಂಟಿಮೀಟರ್ ಅಂತರ ಇರಲಿ. ಕಪಾಟುಗಳನ್ನು ಗೋಡೆಯಿಂದ ಸ್ವಲ್ಪ ಮುಂದಕ್ಕೆ ಎಳೆಯಿರಿ, ಗಾಳಿಯೂ ಆಡುತ್ತದೆ, ಹಿಂದೆ ನೋಡಲೂ ಆಗುತ್ತದೆ. ಮದ್ದು ಎಷ್ಟೇ ಒಳ್ಳೆಯದಿರಲಿ, ಒದ್ದೆ ಹಾಗೇ ಉಳಿದರೆ ಗೆದ್ದಲು ಇನ್ನೊಂದು ಸಂದು ಹುಡುಕುತ್ತಲೇ ಇರುತ್ತದೆ.

ಮದ್ದಿನ ಮಾತು

ಮಣ್ಣಿನ ಗೆದ್ದಲಿಗೆ ಎರಡು ದಾರಿ. ಮೊದಲನೆಯದು ಮನೆಯ ಸುತ್ತ ಮಣ್ಣಿಗೆ ಮದ್ದು ಉಣಿಸುವುದು. ಹೊರಗೆ ಅಡಿಪಾಯದ ಉದ್ದಕ್ಕೂ ಕಿರಿದಾದ ಕಾಲುವೆ ತೋಡಿ ದ್ರಾವಣ ಸುರಿಯುತ್ತಾರೆ. ಒಳಗೆ ಗೋಡೆ ಮತ್ತು ನೆಲ ಸೇರುವ ಕಡೆ ಸುಮಾರು 30 ಸೆಂಟಿಮೀಟರ್‌ಗೆ ಒಂದರಂತೆ ತೂತು ಕೊರೆದು, ಮದ್ದು ತುಂಬಿ, ಸಿಮೆಂಟ್‌ನಿಂದ ಮುಚ್ಚುತ್ತಾರೆ. ಬಳಸುವ ಮದ್ದಿನಲ್ಲೂ ವ್ಯತ್ಯಾಸ ಇದೆ. ಬೈಫೆಂಥ್ರಿನ್‌ನಂಥವು ಗೆದ್ದಲನ್ನು ಹತ್ತಿರ ಸೇರಿಸುವುದಿಲ್ಲ. ಒಂದು ಕಡೆ ಬಿಟ್ಟುಹೋದರೂ ಅದು ಆ ಸಂದಿನಲ್ಲೇ ಬರುತ್ತದೆ. ಇಮಿಡಾಕ್ಲೋಪ್ರಿಡ್, ಫಿಪ್ರೋನಿಲ್ ಗೆದ್ದಲಿಗೆ ಗೊತ್ತೇ ಆಗುವುದಿಲ್ಲ. ಅದರ ಮೇಲೆ ನಡೆದು ಹೋಗುತ್ತದೆ, ಮೈಗೆ ಅಂಟಿದ್ದನ್ನು ಜೊತೆಯವರಿಗೂ ದಾಟಿಸುತ್ತದೆ, ನಿಧಾನಕ್ಕೆ ಸಾಯುತ್ತದೆ. ಜನ ಇರುವ ಮನೆಗೆ ಈ ಎರಡನೆಯ ಬಗೆಯೇ ಚೆನ್ನ ಅಂತ ನನಗನಿಸುತ್ತದೆ. ಕ್ಲೋರ್‌ಪೈರಿಫಾಸ್ ಹಳೆಯ ಹೆಸರು, ಕಡಿಮೆ ದುಡ್ಡಿಗೆ ಸಿಗುತ್ತದೆ, ಆದರೆ ಮಕ್ಕಳ ಮಿದುಳಿನ ಬೆಳವಣಿಗೆಗೆ ಹಾನಿ ಅನ್ನುವ ಕಾರಣಕ್ಕೆ ಹಲವು ದೇಶಗಳು ಅದನ್ನು ಮನೆಯೊಳಗಿನ ಬಳಕೆಯಿಂದ ತೆಗೆದಿವೆ. ಅಮೆರಿಕ 2000ರಲ್ಲೇ ಮನೆ ಬಳಕೆಯ ಬಹುಪಾಲನ್ನು ನಿಲ್ಲಿಸಲು ಶುರು ಮಾಡಿತು.

ಇನ್ನೊಂದು ದಾರಿ ಬೇಟ್. ಮನೆಯ ಸುತ್ತ ನೆಲದಲ್ಲಿ ಸಣ್ಣ ಡಬ್ಬಿ ಹೂತು, ಒಳಗೆ ಗೆದ್ದಲು ತಿನ್ನುವ ಪದಾರ್ಥ ಇಡುತ್ತಾರೆ, ಅದರಲ್ಲಿ ಹೆಕ್ಸಾಫ್ಲುಮುರಾನ್‌ನಂಥ ಮದ್ದು ಬೆರೆತಿರುತ್ತದೆ. ಬೆಳೆಯುವಾಗ ಪೊರೆ ಕಳಚಬೇಕಾದ ಹುಳುವಿಗೆ ಹೊಸ ಚರ್ಮ ಕಟ್ಟಲು ಆಗದ ಹಾಗೆ ಅದು ಮಾಡುತ್ತದೆ. ಕೆಲಸಗಾರ ಹುಳುಗಳು ಅದನ್ನು ಗೂಡಿಗೆ ಒಯ್ದು ಎಲ್ಲರಿಗೂ ಉಣಿಸುತ್ತವೆ. ಮನೆಯೊಳಗೆ ವಿಷ ಸುರಿಯುವುದಿಲ್ಲ, ಗೂಡೇ ಮುಗಿಯುತ್ತದೆ. ಆದರೆ ತಾಳ್ಮೆ ಬೇಕು, ತಿಂಗಳುಗಟ್ಟಲೆ ಹಿಡಿಯುತ್ತದೆ, ಡಬ್ಬಿಗಳನ್ನು ಆಗಾಗ ಬಂದು ನೋಡುವವರೂ ಬೇಕು. ಬೇಟ್ ಇಟ್ಟ ಕಡೆ ಸ್ಪ್ರೇ ಹೊಡೆದರೆ ಗೆದ್ದಲು ಡಬ್ಬಿ ಹತ್ತಿರವೂ ಬರುವುದಿಲ್ಲ, ಇಟ್ಟದ್ದು ವ್ಯರ್ಥ.

ಒಣಮರದ ಗೆದ್ದಲಿಗೆ ಮಣ್ಣಿನ ಮದ್ದು ಏನೂ ಮಾಡದು. ಒಂದು ಕುರ್ಚಿ, ಒಂದು ಫ್ರೇಮ್ ಮಾತ್ರ ಹಿಡಿದಿದ್ದರೆ ಅದನ್ನು ಹೊರಗೆ ಹಾಕುವುದೇ ಸುಲಭ. ಬೇಕೇ ಬೇಕಾದ ವಸ್ತುವಾದರೆ ಆ ಮರದೊಳಗೆ ಗೆದ್ದಲು ಕೊರೆದ ಓಣಿಗಳಿಗೇ ಮದ್ದು ಚುಚ್ಚಬೇಕು, ಇಲ್ಲವೇ ಕಾಯಿಸಬೇಕು. ಮರದ ನಡುಭಾಗವೂ 50 ಡಿಗ್ರಿ ಸೆಲ್ಸಿಯಸ್ ತಲುಪಿ ಅರ್ಧ ಗಂಟೆಗಿಂತ ಜಾಸ್ತಿ ಹಾಗೇ ಇರಬೇಕು. ಬಿಸಿಲಿಗೆ ಇಟ್ಟರೆ ದಪ್ಪ ಮರದ ಒಳಗೆ ಅಷ್ಟು ಕಾವು ಹೋಗುವುದು ಕಷ್ಟ. ಮನೆಯ ಹಲವು ಕಡೆ ಹರಡಿದ್ದರೆ ಇಡೀ ಮನೆ ಮುಚ್ಚಿ ಅನಿಲ ಹಾಯಿಸುವ ಪದ್ಧತಿ ಇದೆ. ಅದು ಅನುಮತಿ ಇರುವ ಪರಿಣತರ ಕೆಲಸ. ಅನಿಲ ಹೋದ ಮೇಲೆ ಏನೂ ಉಳಿಯುವುದಿಲ್ಲ, ಹಾಗಾಗಿ ಮುಂದೆ ಬರುವ ಹೊಸ ಗೆದ್ದಲನ್ನು ಅದು ತಡೆಯದು. ಹುಳು ಹತ್ತಿದ ಪುಸ್ತಕಗಳನ್ನು ಉಳಿಸಿಕೊಳ್ಳಬೇಕಾದರೆ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಮುಚ್ಚಿ ಡೀಪ್ ಫ್ರೀಜರ್‌ನಲ್ಲಿ ಒಂದು ವಾರ ಇಡಿ, ಹೊರಗೆ ತೆಗೆದ ಮೇಲೆ ತಣ್ಣಗಿರುವಾಗಲೇ ಚೀಲ ಬಿಚ್ಚಬೇಡಿ, ನೀರು ಕೂತುಬಿಡುತ್ತದೆ.

ಕರೆಸುವ ಮುಂಚೆ, ಬಂದ ಮೇಲೆ

ಪೆಸ್ಟ್ ಕಂಟ್ರೋಲ್‌ನವರು ಬಂದು ಮನೆ ಸುತ್ತು ಹಾಕದೆ ಫೋನಿನಲ್ಲೇ ರೇಟು ಹೇಳಿದರೆ ಬೇರೆಯವರನ್ನು ನೋಡಿ. ಯಾವ ಬಗೆಯ ಗೆದ್ದಲು, ಯಾವ ಮದ್ದು, ಎಷ್ಟು ನೀರಿಗೆ ಎಷ್ಟು, ಎಲ್ಲೆಲ್ಲಿ ಕೊರೆಯುತ್ತೀರಿ ಎಂದು ಕೇಳಿ ಬರೆಸಿಕೊಳ್ಳಿ. ಸೀಲ್ ಒಡೆಯದ ಡಬ್ಬಿ ನಿಮ್ಮ ಮುಂದೆಯೇ ತೆರೆಯಲಿ. ವಾರಂಟಿ ಅಂದರೆ ಮತ್ತೆ ಬಂದರೆ ಮತ್ತೆ ಮದ್ದು ಹಾಕುತ್ತಾರಾ, ಅಥವಾ ಹಾಳಾದ ಮರದ ಖರ್ಚನ್ನೂ ಕೊಡುತ್ತಾರಾ? ಎರಡಕ್ಕೂ ಅಜಗಜಾಂತರ.

ಕೊರೆಯುವ ಮೊದಲು ನೀರಿನ ಪೈಪು, ವೈರ್ ಎಲ್ಲಿ ಹೋಗಿದೆ ಅಂತ ಅವರಿಗೆ ತೋರಿಸಿ. ಬಾವಿ ಅಥವಾ ಕೊಳವೆಬಾವಿ ಹತ್ತಿರ ಇದ್ದರೆ ಮೊದಲೇ ಹೇಳಿ, ಅಲ್ಲಿ ಮಣ್ಣಿಗೆ ಮದ್ದು ಸುರಿಯುವುದು ಅಪಾಯ, ಬೇಟ್ ಬಗ್ಗೆ ಕೇಳಿ. ಮಕ್ಕಳು, ಗರ್ಭಿಣಿಯರು, ಸಾಕುಪ್ರಾಣಿಗಳು ಆ ಹೊತ್ತು ಬೇರೆ ಕಡೆ ಇರಲಿ. ಈ ಮದ್ದುಗಳಲ್ಲಿ ಹಲವು ಮೀನಿಗೆ ಘೋರ ವಿಷ, ಅಕ್ವೇರಿಯಂ ಇದ್ದರೆ ಬೇರೆ ಕಡೆ ಸಾಗಿಸಿ.

ಹಾಳಾದ ಮರವನ್ನು ಮದ್ದು ಹಾಕಿದ ಮೇಲೆಯೇ ಬದಲಿಸಿ, ಮುಂಚೆ ಬದಲಿಸಿದರೆ ಹೊಸ ಮರವೂ ಅದಕ್ಕೇ ಆಹಾರ. ಟೊಳ್ಳಾದದ್ದು ತೊಲೆಯೋ ಕಂಬವೋ ಆಗಿದ್ದರೆ ಮಾತ್ರ ಕಾಯದೆ ಎಂಜಿನಿಯರ್‌ಗೆ ತೋರಿಸಿ, ಅಲ್ಲಿಯವರೆಗೆ ಆಧಾರ ಕೊಡಿಸಿ. ಹೊಸ ಮರ ಕೊಳ್ಳುವಾಗ ತೇಗ ಅಂದ ಮಾತ್ರಕ್ಕೆ ನಂಬಬೇಡಿ. ತೇಗದ ಕೆಚ್ಚು ಗೆದ್ದಲಿಗೆ ಒಗ್ಗುವುದಿಲ್ಲ, ಆದರೆ ಅದೇ ಮರದ ಹೊರಗಿನ ಬಿಳಿ ಭಾಗವನ್ನು ಅದು ತಿನ್ನುತ್ತದೆ. ಪ್ಲೈವುಡ್‌ದೂ ಅದೇ ಕತೆ: ವಾಟರ್‌ಪ್ರೂಫ್ ಅಂತ ಬರೆದಿದ್ದರೆ ಅಂಟು ನೀರಿಗೆ ಬಿಡುವುದಿಲ್ಲ ಅಂತ ಮಾತ್ರ ಅರ್ಥ. ಗೆದ್ದಲಿಗೆ ಮದ್ದು ಹಾಕಿ ತಯಾರಿಸಿದ್ದಾ ಅಂತ ಬೇರೆಯಾಗಿಯೇ ಕೇಳಬೇಕು. ಕತ್ತರಿಸಿದ ಅಂಚುಗಳಿಗೆ ಬಡಗಿಯಿಂದ ಗೆದ್ದಲು ತಡೆಯುವ ಬೋರೇಟ್ ದ್ರಾವಣ ಹಚ್ಚಿಸಿ, ಅದು ಒಣಗಿದ ಮೇಲೆ ಬಣ್ಣವೋ ಲ್ಯಾಮಿನೇಟೋ ಬರಲಿ, ಯಾಕೆಂದರೆ ಬೋರೇಟ್ ನೀರಿಗೆ ಕರಗಿ ಹೋಗುತ್ತದೆ.