ಗೋಪ್ಯ ಕಡತ ನೋಡುವವರು ಪ್ರವಾಸ ಹೊರಟಾಗ: ಭದ್ರತಾ ಅಧಿಕಾರಿಯಾಗಿ ನನ್ನ ಅನುಭವ

ಗೋಪ್ಯ ಕಡತಗಳನ್ನು ನೋಡುವ ಅನುಮತಿ ಇದ್ದ ನೌಕರರು ಪ್ರವಾಸ ಹೊರಟರೆ ಅವರ ಅರ್ಜಿ ನನ್ನ ಮೇಜಿಗೆ ಬರುತ್ತಿತ್ತು. ಸರ್ಕಾರಿ ಇಲಾಖೆಯ ಭದ್ರತಾ ಅಧಿಕಾರಿಯಾಗಿ ಬಹುಕಾಲ ಆ ಕೆಲಸ ಮಾಡಿದ್ದೇನೆ. ಹೋಗುವ ದೇಶ, ದಿನಾಂಕ, ವಿಮಾನ, ತಂಗುವ ಜಾಗ, ಭೇಟಿಯಾಗುವ ಜನ ಎಲ್ಲವೂ ಅರ್ಜಿಯಲ್ಲಿ ಇರುತ್ತಿತ್ತು. ಆದರೂ ಎದುರಿಗೆ ಕೂರಿಸಿಕೊಂಡು ನಾನು ಮೊದಲು ಕೇಳುತ್ತಿದ್ದ ಪ್ರಶ್ನೆ, ‘ಏನೇನು ಒಯ್ಯುತ್ತಿದ್ದೀರಿ?’ ಎಂಬುದು. ‘ವಿಶೇಷವೇನೂ ಇಲ್ಲ ಸರ್’ ಎಂದು ಶುರುವಾದ ಉತ್ತರ ಮಾತು ಬೆಳೆದಂತೆ ಉದ್ದವಾಗುತ್ತಿತ್ತು: ಕಚೇರಿಯ ಮೊಬೈಲ್, ಸಭೆಯ ಟಿಪ್ಪಣಿಗಳಿದ್ದ ಡೈರಿ, ದಾರಿಯಲ್ಲಿ ಓದಿ ಮುಗಿಸೋಣ ಎಂದು ಮುದ್ರಿಸಿಕೊಂಡ ಕರಡು.

ಆ ಕರಡಿನ ಬಗ್ಗೆ ನಾನು ಎಂದೂ ರಾಜಿಯಾಗಲಿಲ್ಲ. 2008ರ ಜೂನ್‌ನಲ್ಲಿ ಬ್ರಿಟನ್ನಿನ ಹಿರಿಯ ಗುಪ್ತಚರ ಅಧಿಕಾರಿಯೊಬ್ಬರು ಅಲ್ ಖೈದಾ ಮತ್ತು ಇರಾಕ್ ಕುರಿತ ಪರಮ ಗೋಪ್ಯ ವರದಿಗಳನ್ನು ಲಂಡನ್ನಿನ ವಾಟರ್‌ಲೂ ನಿಲ್ದಾಣದಿಂದ ಹೊರಟ ರೈಲಿನಲ್ಲಿ ಮರೆತು ಇಳಿದರು. ಸಹಪ್ರಯಾಣಿಕರ ಕೈಗೆ ಸಿಕ್ಕ ಆ ಕಡತ ಬಿಬಿಸಿಗೆ ತಲುಪಿತು. 2021ರ ಜೂನ್‌ನಲ್ಲಿ ಅದೇ ದೇಶದ ರಕ್ಷಣಾ ಇಲಾಖೆಯ ಸುಮಾರು 50 ಪುಟಗಳು ಕೆಂಟ್‌ನ ಬಸ್ ನಿಲ್ದಾಣವೊಂದರ ಹಿಂದೆ ಒದ್ದೆ ಮುದ್ದೆಯಾಗಿ ಬಿದ್ದಿದ್ದವು. ಈ ಎರಡರಲ್ಲೂ ಶತ್ರು ದೇಶದ ಚಾಣಾಕ್ಷತನ ಕೆಲಸ ಮಾಡಿರಲಿಲ್ಲ. ಕಾಗದ ಕಟ್ಟಡದಿಂದ ಹೊರಗೆ ಬಂದಿತ್ತು, ಅಷ್ಟೇ. ಪ್ರವಾಸಕ್ಕೆ ಹೊರಟವರ ಗಮನ ಗಡಿಯಾರ, ಟಿಕೆಟ್, ಸಾಮಾನುಗಳ ನಡುವೆ ಹರಿದು ಹಂಚಿಹೋಗಿರುತ್ತದೆ. ಎಷ್ಟೇ ಶಿಸ್ತಿನ ಮನುಷ್ಯನೂ ಆ ಹೊತ್ತಿನಲ್ಲಿ ಕಡತದ ಕಾವಲುಗಾರನಾಗಿ ಉಳಿಯಲಾರ. ಹಾಗಾಗಿ ಎಚ್ಚರಿಕೆ ಹೇಳಿ ಕಳಿಸುವುದಕ್ಕಿಂತ ಕಾಗದವನ್ನು ಕೈಯಿಂದ ಬಿಡಿಸಿಕೊಳ್ಳುವುದೇ ಮೇಲು ಎಂದು ನಿರ್ಧರಿಸಿದ್ದೆ.

ಹಾಗಾದರೆ ದಾಖಲೆ ಬೇಕೇ ಬೇಕಾದ ಸಭೆಗೆ ಏನು ಮಾಡುವುದು? ಅದು ಅಧಿಕೃತ ದಾರಿಯಲ್ಲಿ ಮೊದಲೇ ಹೋಗಿ ಅಲ್ಲಿನ ನಮ್ಮ ರಾಯಭಾರ ಕಚೇರಿಯಲ್ಲಿ ಕಾದಿರಬೇಕು. ರಾಜತಾಂತ್ರಿಕ ಸಂಬಂಧಗಳ ಕುರಿತ 1961ರ ವಿಯೆನ್ನಾ ಒಪ್ಪಂದದ 27ನೇ ವಿಧಿಯಂತೆ ಇಂಥ ದಾಖಲೆ ಒಯ್ಯುವ ರಾಜತಾಂತ್ರಿಕ ಚೀಲವನ್ನು ಯಾರೂ ತೆರೆಯುವಂತಿಲ್ಲ, ತಡೆದಿಡುವಂತಿಲ್ಲ. ಸಾಮಾನ್ಯ ಪ್ರಯಾಣಿಕನ ಕೈಚೀಲಕ್ಕೆ ಆ ರಕ್ಷಣೆ ಇಲ್ಲ. ಅಧಿಕಾರಿ ಎಷ್ಟೇ ದೊಡ್ಡ ಹುದ್ದೆಯಲ್ಲಿರಲಿ, ಗಡಿಯಲ್ಲಿ ಚೀಲ ಬಿಚ್ಚಿ ತೋರಿಸಿ ಎಂದರೆ ಬಿಚ್ಚಲೇಬೇಕು. ಈ ಒಂದು ವ್ಯತ್ಯಾಸವನ್ನು ಬಿಡಿಸಿ ಹೇಳಿದ ಮೇಲೆ ವಾದಿಸಿದವರು ಕಡಿಮೆ.

ದೇಶದೊಳಗೇ ಒಂದು ಕಚೇರಿಯಿಂದ ಇನ್ನೊಂದಕ್ಕೆ ಒಯ್ಯಬೇಕಾದಾಗ ಎರಡು ಲಕೋಟೆಗಳ ಪದ್ಧತಿ ಪಾಲಿಸುತ್ತಿದ್ದೆ. ಇದನ್ನು ನಾನೇ ಕೈಯಾರೆ ಮಾಡಿ ತೋರಿಸುತ್ತಿದ್ದೆ. ಒಳಗಿನ ಲಕೋಟೆಯ ಎರಡೂ ಬದಿಗೆ ಗೋಪ್ಯತೆಯ ದರ್ಜೆ, ಮೇಲೆ ತಲುಪಬೇಕಾದವರ ಹೆಸರು, ಅಂಚುಗಳಿಗೆಲ್ಲ ಅಂಟುಪಟ್ಟಿ, ಅದರ ಮೇಲೆ ಅಡ್ಡಲಾಗಿ ಸಹಿ. ಸಹಿಯ ಅರ್ಧ ಪಟ್ಟಿಯ ಮೇಲೆ, ಇನ್ನರ್ಧ ಲಕೋಟೆಯ ಮೇಲೆ ಬೀಳಬೇಕು. ಪಟ್ಟಿ ಎಬ್ಬಿಸಿ ಮತ್ತೆ ಅಂಟಿಸಿದರೆ ಗೆರೆಗಳು ಕೂಡುವುದಿಲ್ಲ. ಹೊರಗಿನ ಲಕೋಟೆ ದಪ್ಪ, ಬೆಳಕಿಗೆ ಹಿಡಿದರೂ ಒಳಗಿನದು ಕಾಣಬಾರದು. ಅದರ ಮೇಲೆ ವಿಳಾಸ ಮಾತ್ರ, ‘ಗೋಪ್ಯ’ ಎಂಬ ಗುರುತು ಎಲ್ಲೂ ಇರಕೂಡದು. ಜೊತೆಗೊಂದು ರಸೀದಿ, ತೆಗೆದುಕೊಂಡವರ ಸಹಿಯೊಂದಿಗೆ ಅದು ನನಗೆ ವಾಪಸು ಬರುವ ತನಕ ಆ ಕಡತದ ಸಾಲು ನನ್ನ ರಿಜಿಸ್ಟರಿನಲ್ಲಿ ತೆರೆದೇ ಇರುತ್ತಿತ್ತು. ಹಾಳೆಯನ್ನು ಬರಿಗೈಯಲ್ಲಿ ಹಿಡಿದು ಓಡಾಡಿದರೆ ಏನಾಗುತ್ತದೆ ಎಂಬುದಕ್ಕೆ 2009ರ ಏಪ್ರಿಲ್‌ನಲ್ಲಿ ಲಂಡನ್ನಿನ ಡೌನಿಂಗ್ ಸ್ಟ್ರೀಟಿನಲ್ಲಿ ನಡೆದದ್ದು ಸಾಕ್ಷಿ. ಹಿರಿಯ ಪೊಲೀಸ್ ಅಧಿಕಾರಿ ಬಾಬ್ ಕ್ವಿಕ್ ಕಾರಿನಿಂದ ಇಳಿಯುವಾಗ ಅವರ ಕೈಯಲ್ಲಿದ್ದ ಹಾಳೆಯ ಅಕ್ಷರಗಳು ಛಾಯಾಗ್ರಾಹಕರ ಚಿತ್ರದಲ್ಲಿ ಓದುವಷ್ಟು ಸ್ಪಷ್ಟವಾಗಿ ಮೂಡಿದವು. ಭಯೋತ್ಪಾದನೆಯ ತನಿಖೆಯ ಬಂಧನಗಳನ್ನು ಅವಸರದಿಂದ ಮುಗಿಸಬೇಕಾಯಿತು, ಅವರು ಮರುದಿನ ರಾಜೀನಾಮೆ ಕೊಟ್ಟರು.

ಉಪಕರಣಗಳ ವಿಷಯದಲ್ಲಿ ನನ್ನ ನಿಲುವು ಸರಳ. ದಿನನಿತ್ಯದ ಲ್ಯಾಪ್‌ಟಾಪ್ ಮತ್ತು ಮೊಬೈಲ್ ಕಚೇರಿಯ ಬೀರುವಿನಲ್ಲಿ ಉಳಿಯುತ್ತವೆ. ಪ್ರವಾಸಕ್ಕೆಂದೇ ಇಟ್ಟ ಬೇರೆ ಉಪಕರಣ ಕೊಡುತ್ತೇವೆ, ಆ ಸಭೆಗೆ ಬೇಕಾದಷ್ಟನ್ನೇ ಅದರಲ್ಲಿ ತುಂಬುತ್ತೇವೆ, ಮರಳಿದ ಮೇಲೆ ಅದು ಕಚೇರಿಯ ಜಾಲಕ್ಕೆ ಸೇರದೆ ನೇರವಾಗಿ ತಾಂತ್ರಿಕ ವಿಭಾಗಕ್ಕೆ ಹೋಗುತ್ತದೆ. ಹೋಟೆಲ್‌ನ ವೈಫೈ ಬೇಡ. ಕೋಣೆಯ ತಿಜೋರಿಯ ಕೀಲಿ ಹೋಟೆಲಿನವರ ಬಳಿಯೂ ಇರುತ್ತದೆ ಎಂಬುದನ್ನು ಮರೆಯಬೇಡಿ. ಉಡುಗೊರೆಯಾಗಿ ಬಂದ ಪೆನ್‌ಡ್ರೈವ್ ಎಷ್ಟು ಚೆಂದವಿದ್ದರೂ ಚುಚ್ಚಬೇಡಿ.

ಇಷ್ಟಕ್ಕೂ ಅಪನಂಬಿಕೆ ತೋರಿದವರಿಗೆ ಜರ್ಮನಿಯ ಪ್ರಸಂಗ ಹೇಳುತ್ತಿದ್ದೆ. 2024ರ ಫೆಬ್ರುವರಿಯಲ್ಲಿ ಅಲ್ಲಿನ ವಾಯುಪಡೆಯ ಹಿರಿಯ ಅಧಿಕಾರಿಗಳು ಉಕ್ರೇನಿಗೆ ಟಾರಸ್ ಕ್ಷಿಪಣಿ ಕೊಡುವ ಸಾಧ್ಯತೆಯ ಬಗ್ಗೆ ವೆಬೆಕ್ಸ್ ಎಂಬ ಆನ್‌ಲೈನ್ ಸಭೆಯ ಸೇವೆಯ ಮೂಲಕ ಮಾತನಾಡಿದರು. ಮಾರ್ಚ್ 1ರಂದು ಆ ಮಾತುಕತೆಯ ಧ್ವನಿಮುದ್ರಣ ರಷ್ಯಾದ ಮಾಧ್ಯಮದಲ್ಲಿ ಬಂತು. ಸಿಂಗಪುರದ ವಿಮಾನ ಪ್ರದರ್ಶನಕ್ಕೆ ಹೋಗಿದ್ದ ಒಬ್ಬರು ಅಲ್ಲಿಂದ ಸುರಕ್ಷಿತವಲ್ಲದ ಸಂಪರ್ಕದಲ್ಲಿ ಸಭೆಗೆ ಸೇರಿಕೊಂಡಿದ್ದರು ಎಂದು ರಕ್ಷಣಾ ಸಚಿವ ಬೋರಿಸ್ ಪಿಸ್ಟೋರಿಯಸ್ ತಿಳಿಸಿದರು. ಉಳಿದವರು ಎಲ್ಲೇ ಕೂತಿರಲಿ, ಪ್ರವಾಸದಲ್ಲಿದ್ದ ಒಬ್ಬರ ಸಂಪರ್ಕ ಎಲ್ಲರ ಮಾತನ್ನೂ ಬಯಲಿಗೆ ತಂದಿತು. ಆ ಸುದ್ದಿ ಬಂದ ಮೇಲೆ ನಾನು ಒಂದು ನಿಯಮ ಸೇರಿಸಿದೆ: ಹೊರದೇಶದಲ್ಲಿರುವ ಸಹೋದ್ಯೋಗಿಯನ್ನು ಗೋಪ್ಯ ವಿಷಯದ ಸಭೆಗೆ ಫೋನಿನಲ್ಲಿ ಕರೆಯುವವರೂ ಅಷ್ಟೇ ಹೊಣೆಗಾರರು. ತುರ್ತು ಎಂದಾದರೆ ಅವರು ರಾಯಭಾರ ಕಚೇರಿಯ ಸುರಕ್ಷಿತ ಕೊಠಡಿಗೆ ಹೋಗಲಿ, ಇಲ್ಲವೇ ಸಭೆ ಕಾಯಲಿ.

ನಿಯಮಗಳಲ್ಲಿ ಹೆಚ್ಚು ಮುನಿಸು ತರಿಸುತ್ತಿದ್ದುದು ಖಾಸಗಿ ಪ್ರವಾಸದ ಮಾಹಿತಿ ಕೊಡಬೇಕೆಂಬುದು. ‘ಹೆಂಡತಿ ಮಕ್ಕಳೊಂದಿಗೆ ರಜೆಗೆ ಹೋಗುವುದಕ್ಕೂ ನಿಮ್ಮನ್ನು ಕೇಳಬೇಕೇ?’ ಎಂದು ದನಿ ಏರಿಸಿದವರಿದ್ದಾರೆ. ಅವರ ಸಿಟ್ಟು ನನಗೆ ಅರ್ಥವಾಗುತ್ತಿತ್ತು. ಆದರೆ ರಜೆಯ ಮೇಲೆ ಹೋದರೂ ತಲೆಯೊಳಗಿರುವುದು ರಜೆಯ ಮೇಲೆ ಹೋಗುವುದಿಲ್ಲವಲ್ಲ. ಅಮೆರಿಕದಲ್ಲಿ 2017ರ ಜೂನ್‌ನಿಂದ ಜಾರಿಯಲ್ಲಿರುವ ಮೂರನೇ ಭದ್ರತಾ ನಿರ್ದೇಶನದ ಪ್ರಕಾರ ಇಂಥ ಅನುಮತಿ ಇರುವವರು ಖಾಸಗಿ ವಿದೇಶ ಪ್ರವಾಸಕ್ಕೂ ಮುಂಚಿತವಾಗಿ ವಿವರ ಕೊಟ್ಟು ಒಪ್ಪಿಗೆ ಪಡೆಯಬೇಕು. ಒಪ್ಪಿದ ಮಾರ್ಗದಿಂದ ಬದಲಾದರೆ ಮರಳಿದ ಐದು ಕೆಲಸದ ದಿನಗಳೊಳಗೆ ತಿಳಿಸಬೇಕು. ನಾನು ಮಾಡಿದ್ದು ಇಷ್ಟೇ: ಅರ್ಜಿಯನ್ನು ಒಂದು ಪುಟಕ್ಕೆ ಇಳಿಸಿದೆ, ಅದೇ ದಿನ ಉತ್ತರ ಕೊಡುವ ರೂಢಿ ಮಾಡಿದೆ, ಕುಟುಂಬದ ವಿಷಯದಲ್ಲಿ ಅಗತ್ಯ ಮೀರಿದ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಅರ್ಜಿ ವಾರಗಟ್ಟಲೆ ಧೂಳು ತಿನ್ನುವ ಕಚೇರಿಯಲ್ಲಿ ಜನ ಹೇಳದೆಯೇ ಹೊರಟುಬಿಡುತ್ತಾರೆ. ಹಾಗೆ ಹೋದವರಿಗೆ ಅಲ್ಲಿ ತೊಂದರೆಯಾದರೆ ನೆರವಿಗೆ ಧಾವಿಸಲು ಅವರು ಎಲ್ಲಿದ್ದಾರೆ ಎಂಬುದೇ ನಮಗೆ ತಿಳಿದಿರುವುದಿಲ್ಲ.

ಹೊರಡುವ ಮುನ್ನದ ಮಾತುಕತೆಯಲ್ಲಿ ಗೂಢಚಾರರು ಹೇಗೆ ಬಂದು ಮಾತಿಗೆಳೆಯುತ್ತಾರೆ ಎಂಬುದಕ್ಕೆ ಹೆಚ್ಚು ಹೊತ್ತು ಕೊಡುತ್ತಿದ್ದೆ. ಬೆದರಿಕೆಯಿಂದ ಶುರುಮಾಡುವವರು ಅಪರೂಪ. ಉಪನ್ಯಾಸಕ್ಕೆ ಆಹ್ವಾನ, ಸಲಹೆಗಾರನ ಕೆಲಸ, ಪುಟ್ಟ ಲೇಖನಕ್ಕೆ ಒಳ್ಳೆಯ ಸಂಭಾವನೆ, ಹೀಗೆ ಮರ್ಯಾದೆಯಿಂದಲೇ ಬರುತ್ತಾರೆ. ಅಮೆರಿಕದ ಸಿಐಎಯಲ್ಲಿ ಹಿಂದೆ ಕೆಲಸ ಮಾಡಿದ್ದ ಕೆವಿನ್ ಮ್ಯಾಲರಿ ಸಾಲದಲ್ಲಿದ್ದಾಗ ಲಿಂಕ್ಡ್‌ಇನ್ ಮೂಲಕ ಸಂಪರ್ಕ ಬಂತು. 2017ರ ಮಾರ್ಚ್ ಮತ್ತು ಏಪ್ರಿಲ್‌ನಲ್ಲಿ ಅವರು ಶಾಂಘೈಗೆ ಹೋಗಿಬಂದರು. ಚೀನಾದ ಪರ ಗೂಢಚರ್ಯೆಗಾಗಿ 2019ರಲ್ಲಿ 20 ವರ್ಷಗಳ ಸೆರೆವಾಸವಾಯಿತು. ಈ ಪ್ರಕರಣ ಹೇಳಿದ ಮೇಲೆ ನೌಕರರಿಗೆ ನಾನು ಕೊಡುತ್ತಿದ್ದ ಸಲಹೆ: ಸಾಲವಿದ್ದರೆ, ಮನೆಯಲ್ಲಿ ಕಷ್ಟವಿದ್ದರೆ ಮೊದಲು ನಮ್ಮಲ್ಲಿ ಹೇಳಿ. ಪರದೇಶದಲ್ಲಿ ಅಪರಿಚಿತರು ಅದನ್ನು ಕಂಡುಹಿಡಿಯುವ ಮೊದಲೇ ಹೇಳಿ.

ನನ್ನ ದೃಷ್ಟಿಯಲ್ಲಿ ಇಡೀ ಕೆಲಸದ ಜೀವಾಳವೆಂದರೆ ಪ್ರವಾಸ ಮುಗಿಸಿ ಬಂದವರೊಂದಿಗೆ ಕೂರುವ ಅರ್ಧ ಗಂಟೆ. ಹೆಚ್ಚಿನ ಕಡೆ ಅದು ‘ವಿಶೇಷವೇನೂ ಇಲ್ಲ’ ಎಂಬ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ. ‘ಸಂದೇಹಾಸ್ಪದ ಘಟನೆ ನಡೆಯಿತೇ?’ ಎಂದು ಕೇಳಿದರೆ ಯಾರೂ ಹೌದು ಎನ್ನುವುದಿಲ್ಲ, ಏಕೆಂದರೆ ತಮಗಾದದ್ದು ಅಷ್ಟು ದೊಡ್ಡದೆಂದು ಅವರಿಗೇ ಅನ್ನಿಸಿರುವುದಿಲ್ಲ. ನಾನು ಪ್ರಶ್ನೆ ಬದಲಿಸಿದೆ. ಊಟಕ್ಕೆ ಯಾರ ಜೊತೆ ಕೂತಿರಿ? ನಿಮ್ಮ ಕೆಲಸದ ಬಗ್ಗೆ ಮತ್ತೆ ಮತ್ತೆ ಕೇಳಿದವರು ಯಾರಾದರೂ ಇದ್ದರೇ? ಮೊಬೈಲ್ ಸ್ವಲ್ಪ ಹೊತ್ತಾದರೂ ಬೇರೆಯವರ ಕೈಯಲ್ಲಿ ಇತ್ತೇ? ಗಡಿಯಲ್ಲಿ ಎಷ್ಟು ಹೊತ್ತು ನಿಲ್ಲಿಸಿದರು, ಏನು ಕೇಳಿದರು?

ಸಮ್ಮೇಳನದಿಂದ ಮರಳಿದ್ದ ಯುವ ಅಧಿಕಾರಿಯೊಬ್ಬರು ಇಂಥದೇ ಪ್ರಶ್ನೆಗೆ ಉತ್ತರಿಸುತ್ತ, ಭಾಷೆ ಕಲಿಯುವ ಆಸಕ್ತಿಯಿಂದ ಪರಿಚಯವಾದ ಸಜ್ಜನರೊಬ್ಬರು ನಮ್ಮ ಶಾಖೆಯ ಮುಖ್ಯಸ್ಥರ ವರ್ಗಾವಣೆಯ ಬಗ್ಗೆ ವಿಚಾರಿಸಿದರು ಎಂದರು. ಆ ವರ್ಗಾವಣೆಯ ಆದೇಶ ಇನ್ನೂ ಹೊರಬಿದ್ದಿರಲಿಲ್ಲ. ಹೇಳುತ್ತ ಹೇಳುತ್ತಲೇ ಅವರ ಮುಖ ಬಿಳಿಚಿತು. ನೀರು ಕೊಟ್ಟು, ನೀವು ಮಾಡಿದ್ದು ಸರಿಯಾದ ಕೆಲಸ ಎಂದು ಮೊದಲು ಹೇಳಿ, ಆಮೇಲೆ ವಿವರ ಬರೆದುಕೊಂಡೆ. ಅವರ ಅನುಮತಿಗೆ ಏನೂ ಆಗಲಿಲ್ಲ. ಆಗಬಾರದೆಂದು ಮೇಲಿನವರ ಮುಂದೆ ಗಟ್ಟಿಯಾಗಿ ವಾದಿಸಿದ್ದೆ, ಏಕೆಂದರೆ ಹೇಳಿಕೊಂಡವರಿಗೆ ಶಿಕ್ಷೆಯಾಯಿತೆಂಬ ಸುದ್ದಿ ಒಮ್ಮೆ ಹರಡಿದರೆ ಮುಂದೆ ಆ ಕುರ್ಚಿಯಲ್ಲಿ ಕೂತು ಯಾರೂ ಬಾಯಿ ಬಿಡುವುದಿಲ್ಲ.

ವರದಿ ಕೊಟ್ಟವರಿಗೆ ಮರುಮಾತು ಹೇಳುವುದನ್ನೂ ರೂಢಿಸಿಕೊಂಡೆ. ತನಿಖೆಯ ಒಳಗಿನ ವಿವರ ಹೇಳುವಂತಿಲ್ಲ. ಆದರೆ ‘ನೀವು ಕೊಟ್ಟ ಮಾಹಿತಿ ತಲುಪಬೇಕಾದಲ್ಲಿಗೆ ತಲುಪಿದೆ, ಆ ವ್ಯಕ್ತಿ ಮತ್ತೆ ಸಂಪರ್ಕಿಸಿದರೆ ಉತ್ತರಿಸದೆ ನನಗೆ ತಿಳಿಸಿ’ ಎಂದಷ್ಟು ಹೇಳಲು ಅಡ್ಡಿಯಿಲ್ಲ. ಆ ಯುವ ಅಧಿಕಾರಿಗೂ ಹಾಗೆಯೇ ಹೇಳಿದ್ದೆ. ಕೆಲವು ತಿಂಗಳ ನಂತರ ಅದೇ ವ್ಯಕ್ತಿಯಿಂದ ಮಿಂಚಂಚೆ ಬಂದಾಗ ಅವರು ಅದನ್ನು ತೆರೆಯದೆ ನೇರವಾಗಿ ನನ್ನ ಕೋಣೆಗೆ ಬಂದರು.