ರಾಮದೇವರ ಬೆಟ್ಟವನ್ನು ಎರಡನೆಯ ಸಲ ನೋಡಿದಾಗ

ಮಲ್ಪೆಯಿಂದ ದೋಣಿ ಹತ್ತಿ ಸೇಂಟ್ ಮೇರೀಸ್ ದ್ವೀಪಕ್ಕೆ, ಅಂದರೆ ನಮ್ಮ ಹಿರಿಯರು ತೋನ್ಸೆಪಾರ್ ಎನ್ನುತ್ತಿದ್ದ ಜಾಗಕ್ಕೆ, ಚಿಕ್ಕಂದಿನಿಂದ ಹೋಗಿಬರುತ್ತಿದ್ದ ನನಗೆ ಬಂಡೆಯೆಂದರೆ ಕಂಬಗಳ ಸಾಲೇ ಆಗಿತ್ತು. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಭಾರತ ಮತ್ತು ಮಡಗಾಸ್ಕರ್ ಬೇರ್ಪಡುತ್ತಿದ್ದ ಕಾಲದಲ್ಲಿ ಉಕ್ಕಿದ ಲಾವಾ ತಣಿಯುತ್ತ, ಕುಗ್ಗಿ, ಬಿರಿದು ಆ ಕಂಬಗಳಾದವು. ಹೀಗಾಗಿ ಅಕ್ಕನ ಮಗ, “ಮಾವ, ಗಬ್ಬರ್ ಸಿಂಗನ ಬಂಡೆಗಳನ್ನು ನೋಡಬೇಕು” ಎಂದಾಗ ನಾನೂ ರಾಮನಗರದ ರಾಮದೇವರ ಬೆಟ್ಟಕ್ಕೆ ಉತ್ಸಾಹದಿಂದಲೇ ಹೊರಟೆ.

ಮೊದಲ ಸಲ ಹೋದದ್ದು ಏಪ್ರಿಲ್ ತಿಂಗಳ ನಡುಮಧ್ಯಾಹ್ನ, ಅದು ನನ್ನದೇ ತಪ್ಪು. ಗಬ್ಬರ್ ಸಿಂಗ್ ಖಳನಾಯಕನಾಗಿರುವ ರಮೇಶ್ ಸಿಪ್ಪಿಯವರ ಹಿಂದಿ ಚಿತ್ರ ‘ಶೋಲೆ’ 1975ರ ಆಗಸ್ಟ್ 15ರಂದು ತೆರೆಕಂಡಿತು. ಅದಕ್ಕಾಗಿ ಕಲಾ ನಿರ್ದೇಶಕ ರಾಮ್ ಯೇಡೇಕರ್ ಇಲ್ಲಿ ಕಟ್ಟಿದ್ದ ರಾಮಗಢವೆಂಬ ಊರನ್ನು ಚಿತ್ರೀಕರಣದ ಬಳಿಕ ಕಳಚಲಾಯಿತು. ಇಲ್ಲದ ಆ ಊರನ್ನು ಹುಡುಕುತ್ತ ನಾವು ಎರಡು ಗಂಟೆ ಕಳೆದೆವು. ನೆತ್ತಿಯ ಮೇಲಿನ ಬಿಸಿಲಿಗೆ ಬಂಡೆಗಳ ಉಬ್ಬುತಗ್ಗೆಲ್ಲ ಅಳಿಸಿಹೋಗಿ, ತೆಗೆದ ಚಿತ್ರಗಳಲ್ಲಿ ಬರಿಯ ಬಿಳುಪು ಉಳಿದಿತ್ತು.

ನವೆಂಬರಿನಲ್ಲಿ ಮತ್ತೆ ಹೋದೆವು. ರಾತ್ರಿ ಬಸ್ಸಿನಲ್ಲಿ ಉಡುಪಿಯಿಂದ ಬೆಂಗಳೂರಿಗೆ ಹೋಗಿ, ಅಲ್ಲಿಂದ ಮೈಸೂರು ಕಡೆಯ ರೈಲು ಹಿಡಿದು, ರಾಮನಗರದಲ್ಲೇ ಉಳಿದುಕೊಂಡು, ಸಂಜೆಗೊಮ್ಮೆ ಮತ್ತು ಮರುದಿನ ಬೆಳಿಗ್ಗೆ ಇನ್ನೊಮ್ಮೆ ಬೆಟ್ಟಕ್ಕೆ ಹೋದೆವು. ಓರೆಬಿಸಿಲು ಬಿದ್ದಾಗ ಕಲ್ಲು ಮಾತನಾಡತೊಡಗಿತು. ರಾಮನಗರದ ಹಳೆಯ ಹೆಸರಿನಿಂದಲೇ ಕ್ಲೋಸ್‌ಪೇಟೆ ಗ್ರಾನೈಟ್ ಎನಿಸಿಕೊಂಡಿರುವ ಈ ಶಿಲೆಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಇದು ನೆಲದಾಳದಲ್ಲಿ ನಿಧಾನವಾಗಿ ಗಟ್ಟಿಯಾದದ್ದರಿಂದ ಇದರ ಹರಳುಗಳು ಬರಿಗಣ್ಣಿಗೇ ಕಾಣುವಷ್ಟು ದಪ್ಪವಾಗಿವೆ. ಮೇಲಿನ ನೆಲ ಯುಗಗಳ ಕಾಲ ಸವೆದು ಭಾರ ಇಳಿದಂತೆ ಬಂಡೆ ಹಿಗ್ಗಿ, ಈರುಳ್ಳಿಯ ಸಿಪ್ಪೆಯಂತೆ ಪದರಪದರವಾಗಿ ಬಿಟ್ಟುಕೊಂಡಿದೆ. ಅಡ್ಡ ಉದ್ದ ಹಾಯ್ದ ಬಿರುಕುಗಳಲ್ಲಿ ನೀರು ಇಳಿದು ಮೂಲೆಗಳನ್ನು ತಿಂದು, ಒಂದರ ಮೇಲೊಂದು ಕೂತ ಗುಂಡುಗಳನ್ನು ಉಳಿಸಿದೆ. ನಮ್ಮ ದ್ವೀಪದ ಕಲ್ಲು ಕುಗ್ಗಿ ಬಿರಿಯಿತು, ಇಲ್ಲಿಯದು ಹಿಗ್ಗಿ ಸುಲಿಯಿತು. ಇಷ್ಟು ತಿಳಿದ ಮೇಲೆ, ತೆರೆಯ ಮೇಲೆ ಆ ಕಣಿವೆ ಅಷ್ಟು ಭಯ ಹುಟ್ಟಿಸುವುದೇಕೆಂದೂ ನನಗೆ ಹೊಳೆಯಿತು: ಉರುಳಲು ಸಿದ್ಧವಾಗಿರುವಂತೆ ತೋರುವ ಗುಂಡುಗಳ ಕೆಳಗೆ ಮನುಷ್ಯರು ನಿಂತಿರುತ್ತಾರೆ.

ಬಂಡೆಗಳನ್ನು ಹತ್ತುವ ಆಸೆಯನ್ನು ದಯವಿಟ್ಟು ಬಿಡಿ. 2012ರಲ್ಲಿ ಈ ಬೆಟ್ಟವನ್ನು ರಣಹದ್ದುಗಳ ಅಭಯಾರಣ್ಯವೆಂದು ಘೋಷಿಸಲಾಗಿದೆ, ಉದ್ದ ಕೊಕ್ಕಿನ ರಣಹದ್ದು ಗೂಡು ಕಟ್ಟುವುದು ಇಂಥ ಕಡಿಬಂಡೆಯ ಚಾಚುಗಳಲ್ಲಿಯೇ. ಜಾನುವಾರುಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ನೋವುನಿವಾರಕವು ಸತ್ತ ದನಗಳ ಮಾಂಸದ ಮೂಲಕ ದೇಹ ಸೇರಿ ಈ ಹಕ್ಕಿಗಳ ಸಂತತಿಯನ್ನೇ ಅಳಿವಿನಂಚಿಗೆ ತಳ್ಳಿದೆ. ದೇಶದಲ್ಲಿ ಆ ಪಶುಔಷಧಿಗೆ 2006ರಲ್ಲಿ ನಿಷೇಧ ಬಂತು. ಮೆಟ್ಟಿಲ ದಾರಿಯಲ್ಲೇ ನಿಂತು ದುರ್ಬೀನು ಹಿಡಿದು ನೋಡಿದರೆ ಸಾಕು. ನಮಗೆ ಹಕ್ಕಿ ಕಾಣಲಿಲ್ಲ.

ಡಿಸೆಂಬರಿನಲ್ಲಿ ಅಳಿಯನನ್ನು ಪುನಃ ತೋನ್ಸೆಪಾರಿಗೆ ಕರೆದೊಯ್ದೆ. ಸೆಲ್ಫಿಗೆ ನಿಲ್ಲುವ ಬದಲು ಅವನು ಎರಡು ಕಂಬಗಳ ನಡುವಿನ ಸಂದಿಗೆ ಬೆರಳಿಟ್ಟು ನೋಡಿ, “ಇಲ್ಲಿ ಹೆಬ್ಬೆರಳೂ ಹೋಗುವುದಿಲ್ಲ ಮಾವ” ಎಂದ.