ಹೊಸಾ ಬ್ರಷ್ ತಂದ ದಿನಾನ ಮಾರಿಗೆ ಹಚ್ಚಬ್ಯಾಡ್ರಿ

ತುಳಸಿ ಲಗ್ನ ಮುಗೀತು ಅಂದ್ರ ನಮ್ಮ ಬಿಜಾಪುರಕ್ಕ ಎರಡು ಕೂಡೇ ಬರತಾವ, ಮದುವಿ ಸೀಸನ್ನು ಮತ್ತ ಥಂಡಿ. 2014ರಾಗ ಊರಿನ ಹೆಸರು ವಿಜಯಪುರ ಆಗೇತಿ, ಆದ್ರ ನನ್ನ ಬಾಯಾಗ ಇನ್ನೂ ಬಿಜಾಪುರನ. ಬ್ಯಾಸಗ್ಯಾಗ 40 ಡಿಗ್ರಿ ದಾಟೋ ಊರಿದು, ಕಾರ್ತೀಕ ಕಳದ್ರ ಮುಂಜಾನೆ ನೀರು ಮುಟ್ಟಾಕ ಆಗೂದಿಲ್ಲ. ಒಣಾ ಗಾಳಿ ಬೀಸಾಕ ಹತ್ತಿದ್ರ ತುಟಿ ಒಡೀತಾವ, ಹಿಮ್ಮಡ ಬಿರೀತಾವ, ಮಾರಿ ಹಪ್ಪಳದಂಗ ಬಿಗೀತೈತಿ. ಸರಿಯಾಗಿ ಅದೇ ಹೊತ್ತಿಗೆ ನಮ್ಮ ಹುಡುಗ್ಯಾರಿಗೆ ದಿನಾ ಒಂದೊಂದು ಪಾರ್ಸಲ್. ಹೊಸಾ ಕ್ರೀಮು, ಹೊಸಾ ಸೀರಮು, ಹನ್ನೆರಡು ಬ್ರಷ್ಷಿನ ಸೆಟ್ಟು. ತರೂದಕ್ಕ ನನ್ನ ತಕರಾರಿಲ್ಲ. ತಂದ ರಾತ್ರೀನ ಎಲ್ಲಾ ಮಾರಿಗೆ ಬಳಕೊಳ್ಳೂದು ನೋಡಿದ್ರ ನನ್ನ ಜೀವ ತಡಿಯೂದಿಲ್ಲ.

ಹೋದ ವರ್ಷ ನನ್ನ ತಮ್ಮನ ಮೊಮ್ಮಗಳು, ತನ್ನ ಅಕ್ಕನ ಲಗ್ನ ಇನ್ನ ನಾಕು ದಿನ ಐತಿ ಅನ್ನೂಮುಂದ, ಒಂದೇ ರಾತ್ರಿ ಹೊಸಾ ಸ್ಕ್ರಬ್ ತಿಕ್ಕೊಂಡ್ಲು, ಅದರ ಮ್ಯಾಲ ಹೊಸಾ ಸೀರಮ್, ಅದರ ಮ್ಯಾಲ ಹೊಸಾ ಕ್ರೀಮ್ ಹಚ್ಚಿ ಮಲಗಿದ್ಲು. ಮುಂಜಾನೆ ಎದ್ದಾಗ ಎರಡೂ ಗಲ್ಲದ ಮ್ಯಾಲ ಸುಟ್ಟ ಬದನಿಕಾಯಿ ಸಿಪ್ಪಿ ಎದ್ದಂಗ ಚರ್ಮ ಎದ್ದಿತ್ತು. ಅರಿಷಿಣ ಹಚ್ಚೋ ದಿನ ಆಕಿ ಮಾರಿಗೆ ಯಾರೂ ಕೈ ಮುಟ್ಟಸಾಕ ಆಗಲಿಲ್ಲ. ಡಾಕ್ಟರು "ಯಾವುದು ಹಚ್ಚಿದ ಮ್ಯಾಲ ಹಿಂಗಾತವ್ವಾ?" ಅಂತ ಕೇಳಿದ್ರ ಆಕಿ ಏನ ಹೇಳಬೇಕು? ಮೂರೂ ಕೂಡೇ ಹಚ್ಚ್ಯಾಳ.

ಅದಕ್ಕ ಮೊದಲ ಕೈಗೆ ಹಚ್ಚಿ ನೋಡ್ರಿ. ಮೊಣಕೈ ಮಡಚೋ ಒಳಮಗ್ಗಲಾಗ ಎಂಟಾಣೆ ಅಗಲ, ಮುಂಜಾನೆ ಒಮ್ಮೆ ಸಂಜೀಕ ಒಮ್ಮೆ, ಒಂದು ವಾರ ಬಿಡದಂಗ. ಮತ್ತೆರಡು ಮೂರು ದಿನ ಹೆಚ್ಚಾದ್ರ ಇನ್ನೂ ಛಲೋ. ಒಂದು ರಾತ್ರಿ ಹಚ್ಚಿ "ಏನೂ ಆಗ್ಲಿಲ್ಲ ಆಯಿ" ಅಂತ ನನ್ನ ಮುಂದ ಬಂದು ನಿಂದರಬ್ಯಾಡ್ರಿ. ಕೆಲವು ಸಾಮಾನು ಮೈಗೆ ಆಗಿಬರೂದಿಲ್ಲ ಅನ್ನೂದು ಗೊತ್ತಾಗಾಕ ಮೂರು ನಾಕು ದಿನ ಹಿಡೀತೈತಿ, ಆಮ್ಯಾಲ ತುರಿಕಿ ಶುರು ಆಗತೈತಿ. ಕೈ ಸುಮ್ಮನಿದ್ರ ಮುಂದ ಕಿವಿ ಕೆಳಗ, ದವಡಿ ಮಗ್ಗಲಾಗ ಹಚ್ರಿ. ಅಲ್ಲೂ ಸುಮ್ಮನಿದ್ರ ಮಾರಿಗೆ. ಒಂದು ಹೊಸಾದು ಒಗ್ಗಿದ ಮ್ಯಾಲ ಇನ್ನೊಂದು ತಗೀಬೇಕು. ಲಗ್ನದ ತಾರೀಖಿನಿಂದ ಹಿಂದಕ್ಕ ಎಣಸ್ರಿ, ಕಡೀ ಹದಿನೈದು ದಿನದಾಗ ಹೊಸಾದು ಯಾವುದೂ ಮಾರಿ ಹತ್ರ ಬರಬಾರದು.

ಹೊಸಾ ಟಿಕಳಿ ಪಾಕೀಟಿಗೂ ಇದೇ ಮಾತು. ಅದರ ಅಂಟು ಕೆಲವರಿಗೆ ಆಗೂದಿಲ್ಲ, ದಿನಾ ಒಂದೇ ಜಾಗಾದಾಗ ಹಚ್ಚಿ ಹಚ್ಚಿ ಹಣಿ ಮ್ಯಾಲ ಟಿಕಳಿಯಷ್ಟಾ ಬಿಳಿ ಕಲಿ ಉಳೀತೈತಿ. ತುರಿಕಿ ಬಂದ ದಿನಾನ ಬಿಡ್ರಿ. ನಮ್ಮವ್ವ ಹಣಿಗೆ ಮೊದಲ ಮ್ಯಾಣ ಒತ್ತಿ, ಅದರ ಮ್ಯಾಲ ಬೆರಳ ತುದೀಲೆ ಕುಂಕುಮ ಇಡತಿದ್ಲು. ಆಕಿ ಸಿಂಗಾರದ ಡಬ್ಬಿ ಒಳಗ ಇದ್ದದ್ದು ಒಂದು ಕನ್ನಡಿ, ಒಂದು ಹಣಿಗಿ, ಮ್ಯಾಣದ ಬಟ್ಟಲಾ, ಕುಂಕುಮದ ಕರಡಗಿ, ಔಡಲೆಣ್ಣಿ ದೀಪದ ಕಾಡಿಗಿ. ನನ್ನ ಲಗ್ನದಾಗ ಸ್ನೋ ಪೌಡರ್ ಬಂತು, ಅದ ದೊಡ್ಡ ಸಂಭ್ರಮ. ಕೊಳ್ಳಿಗೆ ಹಚ್ಚೂದು ಮರತು ಮಾರಿಗಷ್ಟಾ ಪೌಡರ್ ಬಡದಿದ್ರು, ಫೋಟೋದಾಗ ಮಾರಿ ಬ್ಯಾರೆ, ಕೊಳ್ಳು ಬ್ಯಾರೆ. ಈಗ ಮಾರಿ ಬಣ್ಣ ಒಂದೇ ಸಮ ಕಾಣಸಾಕ ಹಚ್ಚೋ ಫೌಂಡೇಶನ್ 20 ಬಣ್ಣದಾಗ ಸಿಗತಾವ, ಆದ್ರೂ ಹುಡುಗ್ಯಾರು ಅದೇ ತಪ್ಪು ಮಾಡತಾರ. ಅಂಗಡ್ಯಾಗಿನ ದೀಪದ ಬೆಳಕಿನ್ಯಾಗ ಮುಂಗೈಗೆ ಹಚ್ಚಿ ನೋಡತಾರ. ಮುಂಗೈ ಬಣ್ಣ ಮಾರಿ ಬಣ್ಣ ಒಂದಾ ಏನವ್ವಾ? ದವಡಿ ಮ್ಯಾಲ ಒಂದು ಗೀರು ಎಳೀರಿ, ಹೊರಗ ಬಿಸಲಿಗೆ ಬಂದು ಕನ್ನಡ್ಯಾಗ ನೋಡ್ರಿ, ಚಹಾ ಕುಡದು ಬರೋ ಅಷ್ಟೊತ್ತು ಬಿಟ್ಟು ಮತ್ತೊಮ್ಮೆ ನೋಡ್ರಿ. ಕೆಲವು ಹಚ್ಚಿದಾಗ ಸರಿ ಕಾಣತಾವ, ಅರ್ಧ ತಾಸಿನ್ಯಾಗ ಕಪ್ಪಗ ತಿರಗತಾವ. ಲಿಪ್‌ಸ್ಟಿಕ್ಕು ಬೆರಳಿನ ತುದಿಗೆ ಹಚ್ಚಿ ನೋಡ್ರಿ, ಆ ಬಣ್ಣ ತುಟಿಗೆ ಹತ್ರ. ಅಂಗಡ್ಯಾಗ ಹತ್ತು ಮಂದಿ ಒರಸಿದ್ದನ್ನ ತುಟಿಗೆ ಹಚ್ಚಬ್ಯಾಡ್ರಿ, ನನ್ನವ್ವ.

ಈಗ ಬ್ರಷ್ಷಿಗೆ ಬರತೀನಿ, ಇದಕ್ಕಾಗೇ ನಾ ಬರಿಯಾಕ ಕುಂತಿದ್ದು. ಹೊಸಾ ಬ್ರಷ್ ಸ್ವಚ್ಛ ಇರತೈತಿ ಅಂತ ಯಾರು ಹೇಳ್ಯಾರ ನಿಮಗ? ಕಾರ್ಖಾನಿ ಧೂಳು, ಬಿಟ್ಟ ಕೂದಲು, ಬಣ್ಣ ಹಾಕಿದ್ದು, ಎಲ್ಲಾ ಅದರಾಗ ಇರತೈತಿ. ಮೊದಲ ತೊಳೀಬೇಕು, ಆಮ್ಯಾಲ ಹಚ್ಚಬೇಕು. ನಮ್ಮ ಊರಾಗ ತೊಳಿಯೂದು ಸಣ್ಣ ಕೆಲಸಲ್ಲ, ಯಾಕಂದ್ರ ನಮ್ಮ ಬೋರಿನ ನೀರು ಸವಳು. ಆ ನೀರಾಗ ಶಾಂಪೂ ನೊರಿ ಸರಿಯಾಗಿ ಬರೂದಿಲ್ಲ, ಒಣಗಿದ ಮ್ಯಾಲ ಬ್ರಷ್ಷಿನ ಕೂದಲು ಕಸಬರಿಗಿ ಕಡ್ಡಿಯಂಗ ನಿಂದರತಾವ, ಬುಡದಾಗ ಬಿಳಿ ಪುಡಿ ಕೂಡತೈತಿ. ಅಂಥಾ ಬ್ರಷ್ ಮಾರಿ ಮ್ಯಾಲ ಆಡಸಿದ್ರ ಚರ್ಮ ಕೆಂಪಾಗದ ಏನಾಗತೈತಿ? ಆಮ್ಯಾಲ ಪೌಡರ್ ಸರಿ ಇಲ್ಲ ಅಂತಾರ.

ನಳದಾಗ ಹೊಳಿ ನೀರು ಬಂದ ದಿನ ಒಂದು ತಂಬಿಗಿ ಎತ್ತಿಡ್ರಿ. ರಾತ್ರಿ ಅದನ್ನ ಪಾತೇಲ್ಯಾಗ ಹಾಕಿ ಮಳ್ಳಿಸಿ, ಮುಚ್ಚಿ ಬಿಡ್ರಿ. ಮುಂಜಾನೆ ನೋಡಿದ್ರ ತಳದಾಗ ಸುಣ್ಣ ಕುಂತಿರತೈತಿ, ಅದನ್ನ ಕದಡದಂಗ ಮ್ಯಾಲಿನ ತಿಳಿ ಬಸಕೋರಿ. ಅದರಾಗ ಅರ್ಧ ಮತ್ತೊಮ್ಮೆ ಬೆಚ್ಚಗ ಮಾಡ್ರಿ, ಕೂಸಿನ ಮೈಗೆ ಹಾಕೋವಷ್ಟಾ ಬೆಚ್ಚಗ. ಸುಡೋ ನೀರು ಹಾಕಿದ್ರ ಬ್ರಷ್ಷಿನ ಕೊಳ್ಳಿನ ಅಂಟು ಕರಗತೈತಿ. ಅಂಗೈಯಾಗ ಜ್ವಾಳದ ಕಾಳು ನಾಕು ಕೂಡಿದಷ್ಟು ಸಣ್ಣ ಕೂಸಿನ ಶಾಂಪೂ ತಗೋರಿ, ಎರಡು ಹನಿ ನೀರು. ಬ್ರಷ್ಷಿನ ತಲಿ ಕೆಳಗ ಮಾಡಿ ಹಿಡದು, ಕೂದಲಿನ ತುದಿ ಅಷ್ಟಾ ತೋಯಿಸಿ, ಅಂಗೈ ಮ್ಯಾಲ ರಂಗೋಲಿ ಸುತ್ತು ಹಾಕಿದಂಗ ಹಗುರಕ ತಿರುವ್ರಿ. ತಿಕ್ಕಬ್ಯಾಡ್ರಿ, ಅರಿವಿ ಒಗದಂಗ ಕುಕ್ಕಬ್ಯಾಡ್ರಿ. ತಗಡಿನ ಕೊಳ್ಳಿನ ಒಳಗ ನೀರು ಇಳೀಬಾರದು, ಇಳಿದ್ರ ನಾಕು ತೊಳಿತಕ್ಕ ಬ್ರಷ್ಷಿನ ತಲಿ ಕಿತ್ತು ಕೈಯಾಗ ಬರತೈತಿ.

ಫೌಂಡೇಶನ್ನಿನ ಬ್ರಷ್ ಇದ್ರ ಶಾಂಪೂಕ್ಕಿಂತ ಮೊದಲ ಒಂದು ಹನಿ ಕೊಬ್ಬರಿ ಎಣ್ಣಿ ಹಚ್ಚಿ ಅಂಗೈಗೆ ತಿರುವ್ರಿ, ಜಿಡ್ಡಿನ ಬಣ್ಣ ಜಿಡ್ಡಿಗಾ ಬಿಡತೈತಿ. ಆ ಕೆಲಸಕ್ಕ ನೈಲಾನ್ ಜಾತಿ ಬ್ರಷ್ಷಾ ಬೇಕು, ಆಡಿನ ಕೂದಲಿನ ಬ್ರಷ್ ಅರ್ಧ ಕ್ರೀಮ್ ತಾನಾ ಕುಡದು ಕೂಡತೈತಿ. ಆಡಿನ ಕೂದಲಿಂದು ಪೌಡರಿಗೆ ಇಟ್ಕೋರಿ. ಹಿಂಡಿದ ನೀರು ಕುಡಿಯೋ ನೀರಿನಂಗ ತಿಳಿ ಬರೋ ತನಕ ಜಾಲಾಡಸ್ರಿ. ಎರಡು ಸಲ ಸಾಕು ಅಂತ ನೀವು ತಿಳಕೊಂಡಿರತೀರಿ, ನಾಕು ಸಲ ಬೇಕಾಗತೈತಿ.

ಹಳೇ ಧೋತರದ ತುಂಡಿನ್ಯಾಗ ಬ್ರಷ್ ಸುತ್ತಿ ಅಮಕ್ರಿ, ತಿರುವಿ ಹಿಂಡಬ್ಯಾಡ್ರಿ. ಆಮ್ಯಾಲ ಹೂಬತ್ತಿ ಹೊಸದಂಗ ಎರಡು ಬೆರಳಿನ್ಯಾಗ ತುದಿ ಕೂಡಿಸಿ ಆಕಾರ ಮಾಡ್ರಿ. ಲೋಟಾದಾಗ ನೆಟ್ಟಗ ನಿಂದರಿಸಿ ಒಣಗಸೂದು ನಾ ನೋಡಿದ ದೊಡ್ಡ ತಪ್ಪು, ನೀರೆಲ್ಲಾ ಬುಡಕ್ಕ ಇಳೀತೈತಿ. ನಾ ಏನ ಮಾಡತೀನಿ ಅಂದ್ರ ಹಿಡಿಕಿಗೆ ಉಲ್ಲನ್ ದಾರ ಕಟ್ಟಿ, ಒಳಗಿನ ಖೋಲ್ಯಾಗ ಅರಿವಿ ಹಾಕೋ ಹಗ್ಗಕ್ಕ ತಲಿಕೆಳಗ ಮಾಡಿ ತೂಗಿ ಬಿಡತೀನಿ, ಒಂದಕ್ಕೊಂದು ತಾಗದಂಗ. ಬಿಸಲಾಗ ಬ್ಯಾಡ, ಕೂದಲು ಬಿರುಸಾಗತಾವ, ಅಂಟು ಬಿರೀತೈತಿ. ನೆರಳಾಗ ಗಾಳಿ ಆಡಬೇಕು. ಈ ಥಂಡ್ಯಾಗ ಒಂದು ರಾತ್ರಿ ಸಾಕು, ಮಳಿಗಾಲದಾಗ ಎರಡು ದಿನಾ ಬೇಕು. ಒಣಗ್ಯಾವೋ ಇಲ್ಲೋ ಬೆರಳಿನಲೆ ಮುಟ್ಟಿ ನೋಡಬ್ಯಾಡ್ರಿ, ಬೆರಳಿಗೆ ತಿಳಿಯೂದಿಲ್ಲ. ಮೂಗಿನ ಕೆಳಗ, ಮ್ಯಾಲಿನ ತುಟಿ ಮ್ಯಾಲ ಬ್ರಷ್ ಇಟ್ಟು ಉಸಿರು ಬಿಗಿ ಹಿಡೀರಿ. ಒಂಚೂರು ತಂಪು ಹತ್ತಿದ್ರ ಬುಡ ಇನ್ನೂ ಹಸಿ ಐತಿ, ಮತ್ತ ತೂಗಿ ಬಿಡ್ರಿ. ನನ್ನ ಮೊಮ್ಮಗಳು ಮೊದಲ ನಂಬಲಿಲ್ಲ, ಈಗ ಆಕೀನೂ ಹಿಂಗಾ ನೋಡತಾಳ.

ನೆರಳು ಅಂದ ಕೂಡಲೇ ನೆನಪಾತು, ಇಳಕಲ್ ಸೀರೀನೂ ಬಿಸಲಾಗ ಹಾಕಬ್ಯಾಡ್ರಿ. ಕೆಂಪಿನ ಮ್ಯಾಲ ಬಿಳಿ ಚಿತ್ತಾರ ಇರೋ ತೋಪ ತೆನಿ ಸೆರಗಿನ ಕೆಂಪು ಬಣ್ಣ ಮೊದಲ ನಾಕೈದು ಸಲ ಬಿಡತೈತಿ. ಬ್ಯಾರೆ ಅರಿವಿ ಕೂಡ ನೆನಿ ಇಡದಂಗ, ತಣ್ಣೀರಾಗ ಅದೊಂದನ್ನಾ ಲಗೂನ ಜಾಲಾಡಿಸಿ ತಗೀರಿ. ನನ್ನ ನಾದಿನಿ ಸೊಸಿ ಮಷಿನ್ನಿಗೆ ಹಾಕಿ, ಬಿಳಿ ತೋಪೆಲ್ಲಾ ಗುಲಾಬಿ ಮಾಡಿ ಇಟ್ಟಾಳ. ಅದು ಅವರ ಅತ್ತಿ ಲಗ್ನದ ಸೀರಿ.

ಪೌಡರ್ ಬ್ರಷ್ ಹದಿನೈದು ದಿನಕ್ಕೊಮ್ಮೆ, ಕ್ರೀಮಿನ ಬ್ರಷ್ ವಾರಕ್ಕೊಮ್ಮೆ ತೊಳೀರಿ. ಫೌಂಡೇಶನ್ ಬಳಿಯೋ ಸ್ಪಂಜು ಹಚ್ಚಿದ ಸಲಕ್ಕೊಮ್ಮೆ. ಹಸಿ ಸ್ಪಂಜನ್ನ ಪ್ಲಾಸ್ಟಿಕ್ ಡಬ್ಬ್ಯಾಗ ಮುಚ್ಚಿ ಇಡತಾರಲ್ಲ, ಅಂಥಾದ್ದೊಂದನ್ನ ನಾ ಈಳಿಗಿ ಮ್ಯಾಲ ಎರಡು ಹೋಳು ಮಾಡಿ ಮೊಮ್ಮಗಳಿಗೆ ತೋರಿಸಿದೆ. ಹೊರಗ ಗುಲಾಬಿ, ಒಳಗ ಹಳಸಿದ ರೊಟ್ಟಿ ಮ್ಯಾಲ ಎದ್ದಂಗ ಕರೀ ಬೂಷ್ಟು.

ಥಂಡೀಗೆ ಚರ್ಮದ ಜ್ವಾಕಿ ಭಾಳ ಇಲ್ಲ. ಕುದಿಯೋ ನೀರು ಹಾಕ್ಕೋಬ್ಯಾಡ್ರಿ, ಮೈ ಒರಸಿ ಇನ್ನೂ ಹಸಿ ಇದ್ದಾಗಾ ಕ್ರೀಮ್ ಹಚ್ರಿ, ಪೂರಾ ಒಣಗಿದ ಮ್ಯಾಲ ಹಚ್ಚಿದ್ರ ಅಷ್ಟು ಉಪಯೋಗಿಲ್ಲ. ಹಿಮ್ಮಡಕ್ಕ ಕೊಬ್ಬರಿ ಎಣ್ಣಿ ಛಲೋ, ಮೊಡವಿ ಇರೋ ಮಾರಿಗೆ ಬ್ಯಾಡ. ಸುಕ್ಕಿಗೆ, ಮೊಡವಿಗೆ ಅಂತ ತರೋ ರೆಟಿನಾಲ್ ರಾತ್ರಿ ಹಚ್ಚೂದು, ಬಸುರಿ ಹೆಣ್ಮಕ್ಕಳು ಮುಟ್ಟಬಾರದು. ವಿಟಮಿನ್ ಸಿ ಸೀರಮ್ ತಿಳಿ ಇದ್ದದ್ದು ಚಹಾದ ಬಣ್ಣಕ್ಕ ತಿರುಗಿದ್ರ ಕೆಟ್ಟತಿ, ಚೆಲ್ರಿ. ಥಂಡ್ಯಾಗ ಬಿಸಲು ಹಿತ ಅನಸತೈತಿ ಅಂತ ಸನ್‌ಸ್ಕ್ರೀನ್ ಬಿಡಬ್ಯಾಡ್ರಿ. ಎಳ್ಳ ಅಮಾಸಿಗೆ ಹೊಲಕ್ಕ ಚರಗ ಚೆಲ್ಲಾಕ ಹೋಗಿ ಇಡೀ ದಿನ ಬಯಲಾಗ ಇರತೀರಿ, ಎಸ್‌ಪಿಎಫ್ (ಬಿಸಲು ತಡಿಯೋ ಅಳತಿ) 30 ಇಲ್ಲಾ ಅದಕ್ಕೂ ಮ್ಯಾಲಿಂದು ಎರಡು ಬೆರಳಿನುದ್ದ ಹಿಂಡಿ ಮಾರಿ ಕೊಳ್ಳಿಗೆ ಹಚ್ರಿ, ಎರಡು ತಾಸಿಗೊಮ್ಮೆ ಮತ್ತ ಹಚ್ರಿ. ಲಿಂಬಿಹಣ್ಣು ಮಾರಿಗೆ ತಿಕ್ಕಿ ಬಿಸಲಿಗೆ ಹೋದ್ರ ಸುಟ್ಟಂಗ ಕಲಿ ಬೀಳತಾವ, ತಿಂಗಳಗಟ್ಟಲೆ ಹೋಗೂದಿಲ್ಲ.

ಬೆಳ್ಳಗ ಆಗತೀರಿ ಅಂತ ಮಾರೋ ಮುಲಾಮಿನ ಸುದ್ದಿ ತಗದ್ರ ನನಗ ಹೊಟ್ಟಿ ಉರೀತೈತಿ. ಮಗ್ಗಲಾ ಮನಿ ಹುಡುಗಿ ಒಂದು ಅಂಗಡ್ಯಾಗಿಂದ ತಂದು ಆರು ತಿಂಗಳು ಹಚ್ಚಿದ್ಲು. ಮೊದಲ ಮಾರಿ ಫಳಫಳ ಅಂತು, ಬಿಟ್ಟ ಕೂಡಲೇ ಕೆಂಪಾಗಿ ಉರಿಯಾಕ ಹತ್ತಿತು, ಗದ್ದದ ಮ್ಯಾಲ ಕೂದಲು ಬಂದ್ವು. ಅದರಾಗ ಇದ್ದದ್ದು ಸ್ಟಿರಾಯ್ಡ್. ಡಾಕ್ಟರ ಚೀಟಿ ಇಲ್ಲದ ಅಂಥಾದ್ದು ಹಚ್ಚೂದಾ ಅಲ್ಲ. ಕೆಲವದರಾಗ ಪಾದರಸ ಇರತೈತಿ, ಅದು ಮೂತ್ರಪಿಂಡಕ್ಕ ಹೋಗತೈತಿ. ಡಬ್ಬಿ ಮ್ಯಾಲ ಮಾಡಿದವರ ವಿಳಾಸ, ಲೈಸೆನ್ಸ್ ನಂಬರು, ಬ್ಯಾಚ್ ನಂಬರು ಇಲ್ಲಾಂದ್ರ ಪುಕ್ಕಟ ಕೊಟ್ರೂ ಬ್ಯಾಡ. ಒಂದೇ ತಾಸಿನ್ಯಾಗ ಕರ್ರಗ ಆಗೋ ಮೆಹೆಂದೀನೂ ಹಂಗಾ. ಖರೇ ಮೆಹೆಂದಿ ಮೊದಲ ಕಿತ್ತಳಿ ಬಣ್ಣ, ಮರುದಿನ ಕೆಂಪಗ ಏರತೈತಿ. ಕರೇದ್ರಾಗ ಕೂದಲಿಗೆ ಹಚ್ಚೋ ಬಣ್ಣದ ಕೆಮಿಕಲ್ ಕೂಡಿರತೈತಿ, ಕೆಲವರಿಗೆ ಕೈ ತುಂಬ ಗುಳ್ಳಿ ಏಳತಾವ.

ಕಡೀಕ ಒಂದು. ಡಬ್ಬಿ ಹಿಂದ ಮುಚ್ಚಳ ತಗದ ಡಬ್ಬಿಯ ಸಣ್ಣ ಚಿತ್ರ ಇರತೈತಿ, ಅದರಾಗ 6 ಎಂ, 12 ಎಂ ಅಂತ ಬರದಿರತಾರ. ತಗದ ಮ್ಯಾಲ ಇಷ್ಟು ತಿಂಗಳು ಅಂತ ಅದರ ಅರ್ಥ. ತಗದ ದಿನಾನ ಪ್ಲಾಸ್ಟರಿನ ಪಟ್ಟಿ ಮ್ಯಾಲ ತಾರೀಖು ಬರದು ತಳಕ್ಕ ಅಂಟಸ್ರಿ. ಕಣ್ಣಿಗೆ ಹಚ್ಚೋ ಮಸ್ಕಾರಾ ಮೂರು ತಿಂಗಳಿಗೆ ಚೆಲ್ಲೂದು, ಗೆಳತ್ಯಾರ ಕೂಡ ಹಂಚಿಕೊಳ್ಳೂದಿಲ್ಲ, ಅಕ್ಕತಂಗ್ಯಾರ ಕೂಡಾನೂ ಇಲ್ಲ. ಮೊನ್ನೆ ಮೊಮ್ಮಗಳ ಡಬ್ಬಿ ತಗದು ನೋಡಿದ್ರ ಎರಡು ವರ್ಷದ ಹಿಂದಿನ ಮಸ್ಕಾರಾ ಎರಡಿದ್ವು, ಒಂದರ ತುದ್ಯಾಗ ಬಿಳಿ ಗಂಟು ಕಟ್ಟಿತ್ತು. ಎರಡೂ ಕಸದ ಬುಟ್ಟಿಗೆ ಹಾಕೀನಿ. ಸಿಟ್ಟಾಗ್ಯಾಳ, ಆಗಲಿ. ಆಕಿ ಬ್ರಷ್ ಒಂಬತ್ತೂ ತೊಳದು ಹಗ್ಗಕ್ಕ ತೂಗಿ ಬಿಟ್ಟೀನಿ, ನಾಳೆ ಮುಂಜಾನೆ ಮೂಗಿನ ಕೆಳಗ ಇಟ್ಟು ನೋಡೇ ಕೊಡತೀನಿ.